ನೀಲಾಂಬಿಕಳ ಬದಲು ಮಾತಾಡಿದವರು

ಶಿಕಾರಿಪುರ,
೨೮ ನವೆಂಬರ್ ೨೦೨೪

ತಮ್ಮಾ ಮಹಾಂತೇಶಾ,

ಹೇಗಿದ್ದೀಯ? ಹೋದ ವರ್ಷ ಭತ್ತ ಕೊಯ್ಯುವ ಯಂತ್ರದ ಧೂಳು ಕುಡಿದು ಕೆಮ್ಮು ಹತ್ತಿಸಿಕೊಂಡು ಬಂದಿದ್ದೆ. ಈ ಸಲವಾದರೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದೀಯೋ ಇಲ್ಲವೋ. ಸಿಂಧನೂರಿನ ಬಿಸಿಲಿಗೆ ನೀರು ಜಾಸ್ತಿ ಕುಡಿ. ನನ್ನ ಮಂಡಿ ನೋವು ಇದ್ದದ್ದೇ. ಹೊಲಿಗೆ ಯಂತ್ರ ತುಳಿಯುವವರ ಮಂಡಿ ಇನ್ನು ಹೇಗಿದ್ದೀತು. ತೊಗರ್ಸಿಯಲ್ಲಿ ಅಮ್ಮ ಗಟ್ಟಿಯಾಗಿದ್ದಾಳೆ. ನನ್ನ ಮೇಲೆ ಸಿಟ್ಟಾಗಿದ್ದಾಳೆ, ಅದೂ ಒಂದು ಆರೋಗ್ಯವೇ.

ಈ ಕಾಲದಲ್ಲಿ ಕಾಗದವೇ ಎಂದು ನಗಬೇಡ. ಫೋನ್ ಮಾಡಿದರೆ ಯಂತ್ರದ ಸದ್ದಿನ ನಡುವೆ "ಹೂಂ ಅಕ್ಕಾ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ಆ ಆಮೇಲೆ ಇನ್ನೂ ಬಂದಿಲ್ಲ. ಅದಕ್ಕೇ ನಿಮ್ಮ ಯಂತ್ರದ ಮಾಲೀಕರ ವಿಳಾಸಕ್ಕೆ ಬರೆಯುತ್ತಿದ್ದೇನೆ. ಊಟ ಮಾಡಿ, ಕೈ ತೊಳೆದು, ಒಬ್ಬನೇ ಕೂತು ಓದು.

ನಿನ್ನ ಹೆಂಡತಿ ನೀಲಾಂಬಿಕಳನ್ನು ನಿನ್ನನ್ನು ಕೇಳದೆ ಶಿಕಾರಿಪುರಕ್ಕೆ ಕರೆದುಕೊಂಡು ಬಂದಿದ್ದೇನೆ. ಹೋದ ವಾರ ಬಟ್ಟೆ ಒಗೆಯಲು ಕೆರೆಗೆ ಹೋದವಳು, ಬಟ್ಟೆಗಂಟನ್ನು ದಡದಲ್ಲೇ ಬಿಟ್ಟು ಸೊಂಟದ ಮಟ್ಟದ ನೀರಿನಲ್ಲಿ ಸುಮ್ಮನೆ ನಿಂತಿದ್ದಳಂತೆ. ಪಕ್ಕದ ಮನೆ ಹನುಮಮ್ಮ ನೋಡಿ, ಕೂಗಿ, ತಾನೂ ಇಳಿದು ಕೈ ಹಿಡಿದು ತಂದಳು. ಅಮ್ಮ ಮಾತ್ರ "ಕಾಲು ಜಾರಿತ್ತು ಕಣೇ, ಊರೆಲ್ಲ ಸಾರಬೇಡ" ಎಂದಳು. ಕಾಲು ಜಾರಿದವರು ದಡದ ಕಡೆ ಬೆನ್ನು ಹಾಕಿ ನಿಲ್ಲುತ್ತಾರಾ ಮಹಾಂತೇಶಾ?

ನಿನಗೆ ನೆನಪಿರಬೇಕು. ಗುಡವಿಯ ತವರಿನಲ್ಲಿ ಮಗು ತೀರಿಹೋದ ಮೇಲೆ ಅವಳು ಮಾತು ಬಿಟ್ಟಳು, ಅನ್ನ ಬಿಟ್ಟಳು. ಆಗ ಸೊರಬದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸಂಸ್ಥೆಯವರು ತೆರೆದಿದ್ದ ಕೇಂದ್ರಕ್ಕೆ ತೋರಿಸಿದೆವು. ಮನಸ್ಸಿನ ಡಾಕ್ಟರು ಬೇಕೆಂದು ನಮ್ಮ ಮಹಿಳಾ ಸಂಘದವರು ಬಿಸಿಲಲ್ಲಿ ಧರಣಿ ಕೂತು ಗಂಟಲು ಹರಿದುಕೊಂಡಿದ್ದೆವು. ಡಾಕ್ಟರು ಬರಲಿಲ್ಲ, ದೂರದಿಂದ ಅವರ ಮುಖ ತೋರಿಸುವ ಪರದೆ ಬಂತು. ಪರದೆಯಾದರೂ ಬಂತಲ್ಲ ಅಂದುಕೊಂಡೆ. ಕೂಗುವ ಶಕ್ತಿಯೂ ಉಳಿದಿರಲಿಲ್ಲ.

ಅವತ್ತು ನೀಲಾಳನ್ನು ಒಬ್ಬಳನ್ನೇ ಒಳಗೆ ಕಳಿಸಿ ಎಂದರು. ಅಮ್ಮ ಬಿಡಬೇಕಲ್ಲ. "ಟೀವಿಯೊಳಗಿದ್ರೂ ಗಂಡಸು ಗಂಡಸೇ ಅಲ್ವೇನ್ರೀ?" ಎಂದು ತಾನೂ ಹೋಗಿ ಕೂತಳು. ನಾನು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ಡಾಕ್ಟರು ನೀಲಾಳನ್ನು ನಿದ್ದೆ ಬರುತ್ತಾ ಎಂದು ಕೇಳಿದರೆ, ಅಮ್ಮ "ಬರುತ್ರೀ" ಅಂದಳು. ಅಳು ಬರುತ್ತಾ ಅಂದರೆ, "ನಮ್ಮನೇಲಿ ಯಾರೂ ಅಳಿಸಲ್ರೀ" ಅಂದಳು. ನೀಲಾ ಪರದೆಯ ಮೂಲೆಯಲ್ಲಿ ಚಿಕ್ಕದಾಗಿ ಕಾಣುತ್ತಿದ್ದ ತನ್ನದೇ ಮುಖವನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ಕೂತಿದ್ದಳು. ಆದರೂ ಡಾಕ್ಟರು ಮಾತ್ರೆ ಬರೆದರು, ವಾರ ವಾರ ಫೋನ್ ಮಾಡಿ ಮಾತಾಡಿಸುತ್ತೇವೆ ಎಂದರು. ನಂಬರ್ ಕೇಳಿದಾಗ ಅಮ್ಮನೇ ಮುಂದಾದಳು: "ಸೊಸೆ ನಂಬರ್ ಯಾಕ್ರೀ? ಮಗಂದು ಬರ್ಕಳ್ರಿ. ಯಜಮಾನ ಅವ್ನೇ."

ಮೊನ್ನೆ ನೀಲಾಳನ್ನು ಕರೆದುಕೊಂಡು ಅದೇ ಕೇಂದ್ರಕ್ಕೆ ಹೋಗಿ ಕೂಗಾಡಿದೆ. ಫೋನ್ ಮಾಡುವ ಹುಡುಗಿ ಫರ್ಹಾನಾ ಗಾಬರಿಯಾದಳು. "ಗುಣ ಆಗಿದೆ ಅಂತ ನಿಮ್ಮ ತಮ್ಮಾರೇ ಪ್ರತಿ ಸಲ ಹೇಳ್ತಿದ್ರಲ್ರೀ ಅಕ್ಕಾ. ಮಾತ್ರೆ ಸಾಕು ಅಂದ್ರು, ಡಾಕ್ಟ್ರು ನಿಲ್ಸಿದ್ರು." ನೀಲಾಳ ದನಿಯನ್ನೇ ಕೇಳದೆ ಗುಣ ಅಂತ ಹೇಗೆ ತೀರ್ಮಾನಿಸಿದಿರಿ ಎಂದು ರೇಗಿದೆ. ಅವಳು ತಲೆ ತಗ್ಗಿಸಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ತಪ್ಪಾಯ್ತ್ರೀ. ಹೆಂಗಸ್ರಿಗೆ ಅಂತ ಫೋನ್ ಮಾಡ್ತೀವಿ, ಎಲ್ಲಾ ಮನೇಲೂ ಗಂಡಸ್ರೇ ಎತ್ತೋದು."

ನಿನಗೆ ಕೆಟ್ಟ ಮನಸ್ಸಿಲ್ಲ, ಬಲ್ಲೆ. ಪಕ್ಕದಲ್ಲಿ ಕ್ಲೀನರ್ ಕೂತಿರುತ್ತಾನೆ, ಕೆಳಗೆ ನಿಂತು ಮಾಲೀಕ ಕೂಗುತ್ತಿರುತ್ತಾನೆ. ಅವರ ಮುಂದೆ ಹೆಂಡತಿಯ ಮನಸ್ಸಿನ ಮಾತು ಹೇಗೆ ಆಡುವುದು ಎಂದು "ಆರಾಮದಾಳ್ರೀ" ಅಂದುಬಿಟ್ಟೆ. ರಾತ್ರಿ ಅಮ್ಮನನ್ನು ಕೇಳಿರುತ್ತೀಯ. ಅಮ್ಮ "ಅಡುಗೆ ಮಾಡ್ತಾಳೆ, ಕಸ ಹೊಡೀತಾಳೆ, ಇನ್ನೇನಾಗ್ಬೇಕು" ಅಂದಿರುತ್ತಾಳೆ. ಕೆಲಸ ಮಾಡುವ ಹೆಂಗಸು ಚೆನ್ನಾಗಿದ್ದಾಳೆ ಎಂದೇ ನಮ್ಮ ಮನೆಯ ಲೆಕ್ಕ. ಥೂ! ಎತ್ತಿಗೂ ಇದೇ ಲೆಕ್ಕ ಹಾಕುತ್ತೇವಲ್ಲೋ. ಬೆಂಗಳೂರಿನಲ್ಲಿ ಕೂತ ಡಾಕ್ಟರ ಮುಖ ಸೊರಬದವರೆಗೆ ಬಂತು, ನಿನ್ನ ಹೆಂಡತಿಯ ಒಂದು ಮಾತು ನಮ್ಮ ಹೊಸ್ತಿಲು ದಾಟಲಿಲ್ಲ. ಇದಕ್ಕೆ ಯಾವ ಕಚೇರಿ ಮುಂದೆ ಧರಣಿ ಕೂರಲಿ, ಹೇಳು. ಇಷ್ಟು ವರ್ಷ ಘೋಷಣೆ ಕೂಗಿ, ಕೊನೆಗೆ ನನ್ನ ತವರಿನ ಬಾಗಿಲ ಮುಂದೆ ಹೋಗಿ ಕೂಗಬೇಕಾಗಿದೆ. ಸುಸ್ತಾಗಿದೆ ತಮ್ಮಾ.

ಮಾತ್ರೆ ಮತ್ತೆ ಶುರುವಾಗಿದೆ. ಅವಳನ್ನು ಒಬ್ಬಳನ್ನೇ ಬಿಡುವುದಿಲ್ಲ, ರಾತ್ರಿ ನನ್ನ ಪಕ್ಕದಲ್ಲೇ ಮಲಗುತ್ತಾಳೆ. ನನ್ನ ಹಳೇ ಫೋನಿಗೆ ಹೊಸ ಸಿಮ್ ಹಾಕಿಸಿ ಅವಳ ಕೈಗೆ ಕೊಟ್ಟಿದ್ದೇನೆ. ಕೇಂದ್ರದಲ್ಲಿ ನಿನ್ನ ನಂಬರ್ ತೆಗೆಸಿ ಅದನ್ನೇ ಬರೆಸಿದ್ದೇನೆ. ಸಿಟ್ಟು ಬಂದರೆ ನನ್ನ ಮೇಲೆ ಮಾಡಿಕೋ, ಅವಳ ಮೇಲೆ ಬೇಡ.

ಸಿಕ್ಕಲ್ಲಿ ಮಲಗಬೇಡ, ಯಂತ್ರದ ಹತ್ತಿರ ಹುಷಾರು. ಬೈದಿದ್ದೇನೆ ನಿಜ, ಆದರೂ ನೀನು ಚೆನ್ನಾಗಿರಬೇಕು ಎಂದೇ ನನ್ನ ಆಸೆ.

ನಿನ್ನ ಅಕ್ಕ,
ಪ್ರಮೀಳಾ

ಇನ್ನೊಂದು ಮಾತು: ಕಾಗದ ಮಡಚುವ ಹೊತ್ತಿಗೆ ಹೊಸ ನಂಬರಿಗೆ ಫರ್ಹಾನಾಳ ಫೋನ್ ಬಂತು. ನೀಲಾ ಹಿತ್ತಲಿಗೆ ಹೋಗಿ ಮಾತಾಡಿದಳು. ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇದ್ದಳು. ಮಾತು ನನ್ನ ಕಿವಿಗೆ ಬೀಳದಿರಲಿ ಎಂದು ಬಟ್ಟೆ ಹಾಕದೆ ಬರೀ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತ ಕೂತೆ. ಒಳಗೆ ಬಂದು "ಹೆಂಗಿದೀರಾ ಅಂತ ಕೇಳಿದ್ರು ಅಕ್ಕಾ. ಚೆನ್ನಾಗಿಲ್ಲ ಅಂದೆ" ಎಂದಳು. ಆಮೇಲೆ ತಾನೇ ತಟ್ಟೆ ಹಾಕಿಕೊಂಡು ಕೂತಳು. ಡಿಸೆಂಬರ್ ಹನ್ನೆರಡು, ಗುರುವಾರ, ಡಾಕ್ಟರು ಪರದೆಗೆ ಬರುತ್ತಾರೆ. ನೀನೂ ಇರಬೇಕಂತೆ, "ಅವ್ರು ಬರ್ಲಿ" ಅಂತ ನೀಲಾಳೇ ಹೇಳಿದ್ದಾಳೆ. ರಜೆ ಹಾಕಿ ಬಾ. ಆದರೆ ಡಾಕ್ಟರು ಅವಳನ್ನು ಕೇಳಿದಾಗ ನೀನು ಬಾಯಿ ತೆರೆಯಕೂಡದು. ಅವಳು ಎಷ್ಟು ಹೊತ್ತು ಸುಮ್ಮನಿದ್ದರೂ ಕಾಯಬೇಕು.