ನಿನ್ನ ಹಳೇ ಚಪ್ಪಲಿಯ ಐವತ್ತು ಪ್ರತಿ

೧೪ ಮಾರ್ಚ್, ಭಾನುವಾರ

ಪ್ರೀತಿಯ ಪುಟ್ಟಿಗೆ,

ಅಕ್ಕನ ತುಂಬು ಆಶೀರ್ವಾದ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಕೆಲಸ ಮೈಮೇಲೆ ಬಿದ್ದಿತ್ತು. ಅಲ್ಲದೆ ನೀನೊಂದು ಪ್ರಶ್ನೆ ಬೇರೆ ಕೇಳಿದ್ದೆ: "ನನ್ನ ಜಾಗಕ್ಕೆ ಯಾರನ್ನಾದರೂ ಇಟ್ಟುಕೊಂಡೆಯಾ?" ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಯಜಮಾನರು ಹೇಗಿದ್ದಾರೆ? ಅವರ ಗೊರಕೆಗೆ ನಿದ್ದೆ ಬರುವುದಿಲ್ಲ ಎಂದು ಬರೆದಿದ್ದೀಯ. ನಲವತ್ತು ದಾಟಿದ ಮೇಲೆ ಮದುವೆಯಾಗಿ ಹೋದವಳಿಗೆ ಹೊಂದಿಕೊಳ್ಳಲು ಸ್ವಲ್ಪ ಕಾಲ ಬೇಕು. ಇಲ್ಲಿ ಗೊರಕೆ ಹೊಡೆಯುತ್ತಿದ್ದವಳು ನೀನೇ ಎನ್ನುವುದನ್ನು ನಾನು ಅವರಿಗೆ ಇನ್ನೂ ಹೇಳಿಲ್ಲ.

ಈಗ ಸುದ್ದಿ ಕೇಳು. ನೀನು ಬಾಗಿಲ ಬಳಿ ಬಿಟ್ಟುಹೋದ ರಬ್ಬರ್ ಚಪ್ಪಲಿಯನ್ನು ಬಿಸಾಡು ಎಂದಿದ್ದೆಯಲ್ಲ, ಇನ್ನು ಅದು ಆಗದ ಮಾತು. ಅದು ಕಲೆಯಾಗಿಬಿಟ್ಟಿದೆ. ನಮ್ಮ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗೆ ಸ್ಟಿಕರ್ ಅಚ್ಚು ಹಾಕಿಸಲು ಬರುತ್ತಿದ್ದ ಗಡ್ಡದ ಚಿತ್ರಕಾರ ನೆನಪಿದ್ದಾನಲ್ಲ? ಒಂದು ದಿನ ಅಂಗಡಿಯೊಳಗೆ ಬರಬೇಕಾದವನು ಹೊಸ್ತಿಲಲ್ಲೇ ಕುಕ್ಕರುಗಾಲಲ್ಲಿ ಕೂತು ಅದರ ಫೋಟೋ ಹೊಡೆಯತೊಡಗಿದ. "ಯಾರದಮ್ಮ ಇದು?" ಅಂದ. "ನನ್ನ ತಂಗೀದು, ಒಳಗಿದಾಳೆ" ಅಂದೆ. ಬಾಯಿಗೆ ಬಂದದ್ದು ಅದೇ.

ಅವನು ಮಾಡುವುದು ಪಾಪ್ ಆರ್ಟ್ ಅಂತೆ. "ದಿನಾ ಕಾಲಿಗೆ ಸಿಗೋದನ್ನ ಯಾರೂ ನೋಡಲ್ಲ. ಅದನ್ನೇ ದೊಡ್ಡದು ಮಾಡಿ, ಕಣ್ಣಿಗೆ ಹೊಡೆಯೋ ಬಣ್ಣ ಬಳಿದು ಗೋಡೆಗೆ ಹಾಕಿದ್ರೆ ನಿಂತು ನೋಡ್ತಾರೆ" ಎಂದು ವಿವರಿಸಿದ. ಅಚ್ಚು ಹಾಕುವ ಕೆಲಸ ನನಗೇ ಕೊಟ್ಟ. ಬರೀ ಐವತ್ತೇ ಪ್ರತಿ, ಒಂದೊಂದಕ್ಕೂ ನಂಬರು, ಕೆಳಗೆ ಅವನ ಸಹಿ. ನಿನ್ನ ಸವೆದ ಚಪ್ಪಲಿಗೆ ಇಷ್ಟು ಮರ್ಯಾದೆ ನೋಡಿ ನಾನೊಬ್ಬಳೇ ಕೂತು ನಕ್ಕೆ.

ನಾಲ್ಕು ಬಣ್ಣ, ಫ್ರೇಮಿಗೆ ಬಟ್ಟೆ ಬಿಗಿದ ನಾಲ್ಕು ಸ್ಕ್ರೀನ್. ಮೊದಲು ಹಿನ್ನೆಲೆಗೆ ಹಳದಿ. ಅದು ಒಣಗಿದ ಮೇಲೆ ಅಟ್ಟೆಗೆ ನೀಲಿ, ಬಾರಿಗೆ ಗುಲಾಬಿ, ಕೊನೆಗೆ ಗೆರೆಗೂ ನೆರಳಿಗೂ ಕಪ್ಪು. ಪ್ರತಿ ಸಲವೂ ಹಾಳೆ ಅದೇ ಮೂಲೆಗೆ ಕೂರಬೇಕು. ಕೂದಲೆಳೆಯಷ್ಟು ಜಾರಿದರೂ ಬಾರು ಒಂದು ಕಡೆ, ಚಪ್ಪಲಿ ಒಂದು ಕಡೆ. ಇಪ್ಪತ್ತು ವರ್ಷ ಹಾಳೆ ಕೂರಿಸುವುದು, ತೆಗೆಯುವುದು ನಿನ್ನ ಚೊಕ್ಕ ಕೈಯ ಕೆಲಸವಾಗಿತ್ತು. ಇಂಕು ಎಳೆಯುವುದು ನನ್ನ ಕೊಳಕು ಕೈಯದು. ಈಗ ಹಾಳೆ ಹಾಳೆಗೂ ಕೈ ಒರೆಸಿಕೊಳ್ಳುತ್ತೇನೆ. ಒರೆಸಿ ಒರೆಸಿ ನಿನ್ನ ಹಳೇ ನೈಟಿ ಚಿಂದಿಯಾಯಿತು.

ಕಪ್ಪು ಹಾಕುವಾಗ ಎಡವಟ್ಟಾಯಿತು. ಬೇರೆ ಬಣ್ಣಗಳಲ್ಲಿ ಗೊತ್ತಾಗಿರಲಿಲ್ಲ, ಕಪ್ಪು ಗೆರೆ ಸಪೂರ ನೋಡು. ಸ್ಕ್ರೀನಿನ ಸಣ್ಣ ಕಣ್ಣುಗಳಲ್ಲಿ ಇಂಕು ಒಣಗಿ ಕಟ್ಟಿಕೊಂಡು, ಅಲ್ಲಲ್ಲಿ ಕಪ್ಪು ಇಳಿಯದೆ ಖಾಲಿ ಚುಕ್ಕೆ ಉಳಿದವು. ಮಾಡಿದ್ದೆಲ್ಲ ಮಣ್ಣುಪಾಲು ಅಂದುಕೊಂಡೆ. ಚಿತ್ರಕಾರ ಒಂದೊಂದೇ ಎತ್ತಿ ಬೆಳಕಿಗೆ ಹಿಡಿದ. "ಇದನ್ನ ಹೇಗೆ ಮಾಡಿದ್ರಿ? ತುಂಬಾ ದೂರ ನಡೆದು ಬಂದ ಚಪ್ಪಲಿ ಥರ ಇದೆ. ಒಂದರ ಹಾಗೆ ಇನ್ನೊಂದಿಲ್ಲ. ಎಲ್ಲಾ ಹೀಗೇ ಇರ್ಲಿ" ಅಂದ. ಸೆಕೆಗೆ ಇಂಕು ಬೇಗ ಒಣಗುತ್ತದೆ ಅಂದೆ.

ಅಚ್ಚು ಮುಗಿದ ಮೇಲೆ ಇನ್ನೊಂದನ್ನು ಯಾರೂ ಹಾಕಬಾರದೆಂದು ಸ್ಕ್ರೀನಿನ ಮೇಲಿನ ಚಿತ್ರ ತೊಳೆದುಹಾಕಲು ಹೇಳಿದ. ಅವನೆದುರೇ ಪೈಪು ಹಿಡಿದೆ. ಹಿಮ್ಮಡಿ ಮೊದಲು ಹೋಯಿತು, ಬಾರು ಕೊನೆಗೆ. ಬಾರು ಹೋದ ಮೇಲೂ ಬಹಳ ಹೊತ್ತು ಪೈಪು ಹಿಡಿದೇ ಇದ್ದೆ ಪುಟ್ಟಿ. ನೀನು ಕಾರು ಹತ್ತಿದ ದಿನವೂ ನಾನು ಬಾಗಿಲಲ್ಲಿ ಅಷ್ಟು ಹೊತ್ತು ನಿಂತಿರಲಿಲ್ಲ. ಚಪ್ಪಲಿ ಮಾತ್ರ ಇನ್ನೂ ಬಾಗಿಲಲ್ಲೇ ಇದೆ; ಗುಡಿಸುವಾಗ ಎತ್ತುತ್ತೇನೆ, ಮತ್ತೆ ಅಲ್ಲೇ ಇಡುತ್ತೇನೆ.

ಅಚ್ಚು ಹಾಕಿದವರಿಗೆ ಐವತ್ತರ ಹೊರಗೆ ನಂಬರಿಲ್ಲದ ಒಂದು ಪ್ರತಿ ಕೊಡುವುದು ರೂಢಿಯಂತೆ, ಅದಕ್ಕೇ ಐವತ್ತೊಂದು ಹಾಕಿಸಿದ್ದ. "ನಂಬರು ಹಾಕೋ ಮುಂಚೆ ಬೇಕಾದ್ದು ಆರಿಸ್ಕೊಳ್ಳಿ" ಅಂದ. ಎಲ್ಲವನ್ನೂ ಹರಡಿಕೊಂಡು ನೋಡಿ ಒಂದನ್ನು ತೆಗೆದೆ. ಸುರುಳಿ ಸುತ್ತಿ ಇದರ ಜೊತೆ ನಿನಗೇ ಕಳಿಸಿದ್ದೇನೆ. ಬಿಸಿಲು ಬೀಳದ ಗೋಡೆಗೆ ಹಾಕು, ಬಚ್ಚಲ ಎದುರು ಮಾತ್ರ ಬೇಡ.

ನನ್ನ ಬಗ್ಗೆ ತಲೆ ಕೆಡಿಸಿಕೊಂಡು ಓಡಿ ಬರಬೇಡ. ಇಬ್ಬರೂ ನಗುನಗುತ್ತಾ ಬಾಳಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ನಿನ್ನ ಅಕ್ಕ

ತಾ.ಕ.: ನಿನ್ನ ಪ್ರಶ್ನೆಗೆ ಉತ್ತರ. ಯಾರನ್ನೂ ಇಟ್ಟುಕೊಂಡಿಲ್ಲ. ಕಪ್ಪು ಹಾಕಿದ ದಿನಗಳಲ್ಲಿ ಸೆಕೆಯೂ ಇರಲಿಲ್ಲ. ಇಂಕು ಎಳೆದು, ಫ್ರೇಮು ಎತ್ತಿ ಹಿಡಿದು, ಹಾಗೇ ನಿಂತುಬಿಡುತ್ತೇನೆ. ನೀನು ಹಾಳೆ ತೆಗೆದು "ಆಯ್ತಕ್ಕಾ" ಅಂದ ಮೇಲೆ ತಾನೇ ನಾನು ಇಳಿಸುತ್ತಿದ್ದದ್ದು? ಕೈಗೆ ಇನ್ನೂ ಗೊತ್ತಾಗಿಲ್ಲ. ನೆನಪಾಗುವಷ್ಟರಲ್ಲಿ ಇಂಕು ಒಣಗಿರುತ್ತದೆ. ಹೆಚ್ಚು ಹೊತ್ತು ಕಾದಷ್ಟೂ ಮುಂದಿನ ಹಾಳೆಗೆ ಚುಕ್ಕೆ ಹೆಚ್ಚು. ನಿನಗೆ ಕಳಿಸಿರುವುದರಲ್ಲಿ ಚುಕ್ಕೆ ಎಲ್ಲಕ್ಕಿಂತ ಹೆಚ್ಚು.