ಮುಟ್ಟದಿದ್ದರೆ ಅಳಿಸು

೯ ಜೂನ್ ೨೦೨೫, ಸೋಮವಾರ

ನಮ್ಮಲ್ಲಿ ಕಂಪ್ಯೂಟರ್ ಕಲಿಯಲು ಬರುವ ತರನ್ನುಮ್‌ಳ ಡೆಸ್ಕ್‌ಟಾಪ್ ಅಳಿಸಿಹೋಗಿದೆ. ಸಿಟ್ಟಿಗೆ ನನಗೆ ಊಟ ಸೇರಲಿಲ್ಲ.

ನಮ್ಮ ಕಲಿಕಾ ಕೇಂದ್ರದಲ್ಲಿ ಎಲ್ಲರ ಡೆಸ್ಕ್‌ಟಾಪೂ, ಅಂದರೆ ಅವರವರ ಕೆಲಸ ಉಳಿಸಿಡುವ ಜಾಗ, ಇರುವುದು ಸರ್ವರ್ ಎಂಬ ಒಂದೇ ದೊಡ್ಡ ಕಂಪ್ಯೂಟರ್‌ನಲ್ಲಿ. ಹದಿನೈದು ದಿನ ತೆರೆಯದಿದ್ದರೆ ತಾನಾಗಿ ಅಳಿಸಿ ಆ ಜಾಗವನ್ನು ಬೇರೆಯವರಿಗೆ ಕೊಡುವಂತೆ, ಕಂಪ್ಯೂಟರ್ ನೋಡಿಕೊಳ್ಳುವ ದಯಾನಂದಣ್ಣ ಅದಕ್ಕೆ ಆದೇಶಗಳ ಸ್ಕ್ರಿಪ್ಟ್ ಬರೆದು ಹಾಕಿದ್ದಾರೆ. ಬಕ್ರೀದ್ ಹೊಲಿಗೆಯ ಒತ್ತಡದಲ್ಲಿ ಅವಳು ಬಂದಿರಲಿಲ್ಲ. ಗುರುವಾರ ಕೆಲಸದ ಸಂದರ್ಶನ. ಅದಕ್ಕೆಂದು ಕಂಪ್ಯೂಟರಿನಲ್ಲಿ ಬಿಡಿಸಿಟ್ಟಿದ್ದ ಉಡುಪಿನ ವಿನ್ಯಾಸಗಳು ಒಂದೂ ಉಳಿದಿಲ್ಲ.

"ಮುಟ್ದೇ ಇರೋದ್ನ ಇಟ್ಕೊಂಡು ಏನ್ ಮಾಡ್ಲಪ್ಪ? ಬೇರೆಯೋರು ಕಾಯ್ತಾವ್ರೆ" ಅಂದರು ದಯಾನಂದಣ್ಣ.

"ನಿಮ್ಮ ಅಟ್ಟದ ಮೇಲಿನ ತೆಂಗಿನಕಾಯಿನ ವರ್ಷ ಆದ್ರೂ ಯಾರೂ ಮುಟ್ಟಲ್ಲ ಕಣಣ್ಣ. ಅದ್ನೂ ತಿಪ್ಪೆಗೆ ಎಸೀತೀರಾ? ಕೊಬ್ಬರಿ ಆಗ್ಲಿ ಅಂತ ಕಾಯಲ್ವಾ?" ಅಂದೆ ನಾನು.

"ಭಾಷಣ ಬುಡು ಜ್ಞಾನೇಶ" ಎಂದು ನಕ್ಕರು. ತರನ್ನುಮ್ ನಗಲಿಲ್ಲ. "ಒಂದ್ ಫೋನ್ ಮಾಡಿದ್ರೆ ಓಡ್ ಬತ್ತಿದ್ದೆ ಅಣ್ಣ" ಎಂದಳು, ಅಷ್ಟೇ.

ಬಾಗಿಲಿಗೆ 'ಇದು ಎಲ್ಲರದು' ಎಂದು ಬೋರ್ಡ್ ಬರೆಸಿದ್ದೇವೆ. ದುಡಿಯಲು ಹೋದವಳದ್ದನ್ನು ಕೇಳದೆ ಕಿತ್ತುಕೊಳ್ಳುವುದು ಯಾವ ನ್ಯಾಯ? ಯಂತ್ರ ಮಾಡಿತು ಎಂದರೆ ಮುಗಿಯಿತೇ? ಅದಕ್ಕೆ ಹೇಳಿಕೊಟ್ಟವರು ನಾವಲ್ಲವೇ? ಅಳಿಸುವ ಮುನ್ನ ಕೇಳು ಎಂಬ ಸಾಲೊಂದನ್ನು ನಾಳೆ ಆ ಸ್ಕ್ರಿಪ್ಟಿಗೆ ಸೇರಿಸಲೇಬೇಕು. ದಯಾನಂದಣ್ಣ ಒಪ್ಪುವ ತನಕ ಬಾಗಿಲಲ್ಲೇ ಕೂರುತ್ತೇನೆ.

ತರನ್ನುಮ್ ಸಂಜೆಯವರೆಗೂ ವಿನ್ಯಾಸಗಳನ್ನು ಮೊದಲಿನಿಂದ ಬಿಡಿಸುತ್ತಿದ್ದಳು. ನೀರು ಕುಡಿಯುವಾಗಲೂ ಮೌಸಿನ ಮೇಲಿನ ಕೈ ತೆಗೆಯಲಿಲ್ಲ. ತೆಗೆದರೆ ಇದೂ ಎಲ್ಲಿ ಅಳಿಸಿಹೋಗುತ್ತದೋ ಎಂಬಂತೆ.