ಇವತ್ತು ಸಂದೇಶ ಬರಲಿಲ್ಲ

ರೀ,

ಬೆಳಿಗ್ಗೆಯಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಿಮ್ಮ ಯಂತ್ರದ ಸಂದೇಶ ಇವತ್ತು ಬರಲಿಲ್ಲ.

ಏಣಿ ಹತ್ತಿ ತಂತಿ ಎಳೆಯುವ ಕೆಲಸಕ್ಕೆ ಸೇರಿ, ಕೊನೆಗೆ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗವನ್ನೇ ನಡೆಸಿದವರು ನೀವು. ಆದರೂ ನಿಮಗೆ ಯಂತ್ರಗಳ ಮೇಲೆ ಅತ್ತೆಗೆ ಹೊಸ ಸೊಸೆಯ ಮೇಲಿರುವಷ್ಟೂ ನಂಬಿಕೆಯಿರಲಿಲ್ಲ. ದಿನಾ ಬೆಳಗಾಗುತ್ತಲೇ ವಿಭಾಗದ ಮುಖ್ಯ ಯಂತ್ರ 'ಎಲ್ಲ ಸರಿಯಾಗಿದೆ' ಎಂದು ಮನೆಯ ಫೋನಿಗೆ ವರದಿ ಒಪ್ಪಿಸಬೇಕಿತ್ತು. ಬಂದರೆ ನಿಧಾನವಾಗಿ ಮಗಳ ಜಡೆ ಹೆಣೆಯುತ್ತಿದ್ದಿರಿ. ಬಾರದಿದ್ದರೆ ಅರ್ಧ ಜಡೆಯನ್ನು ನನ್ನ ಕೈಗೆ ಕೊಟ್ಟು ವಿಭಾಗಕ್ಕೆ ಓಡುತ್ತಿದ್ದಿರಿ. ನೀವು ಹೋದ ಮೇಲೂ ಅದು ಒಂದು ದಿನವೂ ತಪ್ಪಿಸಿರಲಿಲ್ಲ.

ಇವತ್ತು ಓಡಿದ್ದು ನಾನು. ನಿಮ್ಮ ಕುರ್ಚಿಯಲ್ಲಿ ಈಗ ಕೂತಿರುವವರು ನನ್ನನ್ನು ಕಂಡು ಎದ್ದು ನಿಂತರು.

"ಹಳೇ ಮಷೀನ್ ನಿನ್ನೆ ಆಫ್ ಮಾಡಿದ್ವಿ, ಅಮ್ಮ. ಮನೆಗೂ ಮೆಸೇಜ್ ಹೋಗ್ತಿತ್ತು ಅಂತ ಯಾರಿಗೂ ಗೊತ್ತೇ ಇರ್ಲಿಲ್ಲ. ಹೊಸದ್ರಲ್ಲಿ ನಿಮ್ಮ ನಂಬರ್ ಹಾಕ್ಲಾ?"

"ಆ ಮಷೀನಿಗೆ ನಮ್ಮನೆ ವಿಷಯ ಏನು ಗೊತ್ತು? ಬೇಡ ಬಿಡಿ," ಎಂದೆ. ಸ್ವಲ್ಪ ಜೋರಾಗಿಯೇ ಅಂದೆನೇನೋ. ಪಾಪ, ಅವರ ಮುಖ ಸಪ್ಪಗಾಯಿತು.

ಮನೆಗೆ ಬಂದು ಫೋನನ್ನು ಡ್ರಾಯರಿನಲ್ಲಿಟ್ಟೆ, ತೆಗೆದೆ, ಮತ್ತೆ ಇಟ್ಟೆ.

"ಏನಮ್ಮಾ ಹುಡುಕ್ತಿದೀಯಾ?" ಅಂದಳು ಮಗಳು. ಏನೂ ಇಲ್ಲ ಎಂದೆ.

ನೀವು ಏಳದ ಆ ಬೆಳಿಗ್ಗೆಯೂ ಸಂದೇಶ ಬಂದಿತ್ತು. 'ಎಲ್ಲ ಸರಿಯಾಗಿದೆ.' ನಾನೇ ಓದಿದೆ. ಇವತ್ತಾದರೂ ಇನ್ನಷ್ಟು ಹೊತ್ತು ಮಲಗಲಿ ಎಂದು, ಸದ್ದಾಗದಂತೆ ನಿಮ್ಮ ಕೋಣೆಯ ಬಾಗಿಲು ಎಳೆದುಕೊಂಡೆ.